ಒಂದರಿಂದ ಐದರೊಳಗೆ ನನ್ನ ಸ್ವಭಾವ

ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಎಂದು ಕಾಗದ ಹಿಡಿದು ಕೇಳಲು ಹೊರಟವರಿಗೆ ಕಾಗದದಲ್ಲಿ ಇಲ್ಲದ ಉತ್ತರಗಳೇ ಹೆಚ್ಚಾಗಿ ಸಿಗುತ್ತವೆ. ಒಂದು ದಿನ ಸಿಕ್ಕರೆ ಮರೆಯಬಹುದು. ನನಗೆ ಮೂರು ತಿಂಗಳು ಬಿಡದೆ ಸಿಕ್ಕವು.

ಆಗ ನಾನು ತಿಪಟೂರಿನಲ್ಲಿ ಕಾಲೇಜು ಹುಡುಗಿಯರ ಹಾಸ್ಟೆಲೊಂದರ ಮೇಟ್ರನ್. ನಮ್ಮ ಕಡೆಗೆ ಮೊಬೈಲು ಇನ್ನೂ ಬಂದಿರಲಿಲ್ಲ. ಭಾನುವಾರ ಬಂತೆಂದರೆ ಹುಡುಗಿಯರು ಎಸ್‌ಟಿಡಿ ಬೂತಿನ ಮುಂದೆ ಸಾಲು ನಿಲ್ಲುತ್ತಿದ್ದರು. ನಾನು ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳ ಹತ್ತಿರ ಹತ್ತು ವರ್ಷ ಕಲಿತ ಇಂಗ್ಲಿಷು, ನೆಟ್ಟಗೆ ಕೂರುವ ಬೆನ್ನು, ಪಿನ್ನು ಹಾಕಿದ ಸೆರಗು, ಈ ಮೂರನ್ನೂ ನಾನು ಇವತ್ತಿಗೂ ಬಿಟ್ಟಿಲ್ಲ. ಆ ಕಾರಣಕ್ಕೇ ಮನಃಶಾಸ್ತ್ರದ ಪ್ರಾಧ್ಯಾಪಕರೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು.

ಅವರ ಬಳಿ ಇಂಗ್ಲಿಷಿನ ಒಂದು ಪ್ರಶ್ನಾವಳಿ ಇತ್ತು. ಮನುಷ್ಯನ ಭಾವನೆಗಳು ಹೇಗೆ, ಸ್ವಭಾವ ಎಂಥದು ಎಂದು ಅಳೆಯುವ ಅರವತ್ತು ವಾಕ್ಯಗಳು. ಪ್ರತಿ ವಾಕ್ಯದ ಮುಂದೆ ಒಂದರಿಂದ ಐದರವರೆಗೆ ಅಂಕಿ. ‘ಒಂದು’ ಎಂದರೆ ಎಂದೂ ಇಲ್ಲ, ‘ಐದು’ ಎಂದರೆ ಯಾವಾಗಲೂ. ಅದನ್ನು ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತರಬೇಕು, ಎರಡನ್ನೂ ಸುತ್ತಲಿನ ಜನರ ಮೇಲೆ ಪರೀಕ್ಷಿಸಬೇಕು, ಯಾವುದು ಸರಿಯಾಗಿ ಅಳೆಯುತ್ತದೆಯೋ ಅದು ಅಚ್ಚಾಗಬೇಕು. ಮೊದಲ ಪುಟದಲ್ಲಿ ಅನುವಾದಕಿಯ ಹೆಸರು ಇರುತ್ತದೆ ಎಂದರು.

ಆ ಹೆಸರು ನನ್ನದೇ ಎಂದು ನಾನು ಅವತ್ತೇ ತೀರ್ಮಾನಿಸಿದೆ. ಯಜಮಾನರಿಗೆ ಹೇಳಿದೆ, ಅಡುಗೆಯವಳಿಗೆ ಹೇಳಿದೆ, ನಾದಿನಿಗೆ ಕಾಗದ ಬರೆದೆ. ಇನ್ನೊಬ್ಬ ಅನುವಾದಕಿ ಯಾರು ಎಂದು ಕೇಳುವುದು ಮಾತ್ರ ಮರೆತಿದ್ದೆ.

ಆಕೆ ತುರುವೇಕೆರೆ ತಾಲೂಕಿನ ದಬ್ಬೇಘಟ್ಟದ ಕಡೆ ಒಂದು ಹಳ್ಳಿ ಶಾಲೆಯ ಟೀಚರು. ನನಗಿಂತ ಹತ್ತು ವರ್ಷ ಚಿಕ್ಕವರು. ಇಂಗ್ಲಿಷನ್ನು ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಓದುವವರು.

೧. ಅಚ್ಚುಕಟ್ಟು

ಮೊದಲ ಸಭೆ ನಮ್ಮ ಹಾಸ್ಟೆಲಿನ ಮುಂಗೋಣೆಯಲ್ಲಿ ನಡೆಯಿತು. ನಾನು ನನ್ನ ಅನುವಾದವನ್ನು ಟೈಪು ಮಾಡಿಸಿ, ಮೂರು ಪ್ರತಿ ತೆಗೆಸಿ, ಹಸಿರು ದಾರದಲ್ಲಿ ಕಟ್ಟಿ ಇಟ್ಟಿದ್ದೆ. ಟೀಚರು ನೋಟ್‌ಬುಕ್ಕಿನ ನಡುವಿನ ಹಾಳೆಗಳನ್ನು ಕಿತ್ತು ಬರೆದು, ನಾಲ್ಕಾಗಿ ಮಡಿಸಿ, ಪರ್ಸಿನಲ್ಲಿಟ್ಟುಕೊಂಡು ಬಂದಿದ್ದರು. ಒಂದು ಹಾಳೆಯ ಮೂಲೆಗೆ ಅರಿಶಿನ ಹತ್ತಿತ್ತು. ಅದನ್ನು ನೋಡಿ ನನಗೆ ನೆಮ್ಮದಿಯಾಯಿತು.

ಪ್ರಾಧ್ಯಾಪಕರು ಒಂದೊಂದೇ ವಾಕ್ಯವನ್ನು ಎರಡೂ ಕಡೆಯಿಂದ ಓದತೊಡಗಿದರು. ನನ್ನದು: ‘ಸಾಮಾಜಿಕ ಸಂದರ್ಭಗಳಲ್ಲಿ ನಾನು ಸಂಕೋಚವನ್ನು ಅನುಭವಿಸುತ್ತೇನೆ.’ ತಲೆಯಾಡಿಸಿದರು. ಟೀಚರದ್ದು: ‘ಮದುವೆಮನೆಗೆ ಹೋದರೆ ನಾನು ಹಿಂದಿನ ಸಾಲಿನಲ್ಲೇ ಕೂರೋದು.’ ಕನ್ನಡಕ ತೆಗೆದು ನಕ್ಕರು.

ನನ್ನದು: ‘ನಾನು ಸುಲಭವಾಗಿ ಉದ್ವೇಗಕ್ಕೆ ಒಳಗಾಗುತ್ತೇನೆ.’ ತಲೆಯಾಡಿಸಿದರು. ಟೀಚರದ್ದು: ‘ಬಸ್ಸು ಐದು ನಿಮಿಷ ತಡ ಆದರೆ ನನ್ನ ಎದೆ ಡವಡವ ಅನ್ನುತ್ತೆ.’ ಮತ್ತೆ ನಕ್ಕರು.

ನನಗೆ ತಡೆಯಲಾಗಲಿಲ್ಲ. “ಸಾರ್, ಮೂಲದಲ್ಲಿ ಬಸ್ಸು ಇಲ್ಲ” ಎಂದೆ.

“ಮೂಲದಲ್ಲಿ ಇಲ್ಲ, ನಿಜ. ತುರುವೇಕೆರೆಯಲ್ಲಿ ಇದೆಯಲ್ಲ ಮೇಡಂ” ಎಂದರು ಪ್ರಾಧ್ಯಾಪಕರು.

“ಇದ್ರೂ ಟೈಮಿಗೆ ಬರಲ್ಲ ಕಣ್ರೀ ಮೇಡಂ. ಅದಕ್ಕೇ ಹಾಕಿದ್ದು” ಎಂದರು ಟೀಚರು. ಅವರು ಅವತ್ತು ಮುಕ್ಕಾಲು ಗಂಟೆ ತಡವಾಗಿ ಬಂದಿದ್ದರು. ಅದನ್ನು ಹೀಗೂ ಬಳಸಿಕೊಳ್ಳಬಹುದು ಎಂದು ನನಗೆ ಹೊಳೆದಿರಲಿಲ್ಲ.

ಅರವತ್ತು ವಾಕ್ಯ ಮುಗಿಯುವ ಹೊತ್ತಿಗೆ ಪ್ರಾಧ್ಯಾಪಕರು ಎಷ್ಟು ಸಲ ನಕ್ಕರು ಎಂದು ನಾನು ಎಣಿಸಿದ್ದೇನೆ, ಆದರೆ ಇಲ್ಲಿ ಬರೆಯುವುದಿಲ್ಲ. ಕೊನೆಗೆ ನನ್ನ ಮುಖ ನೋಡಿ ಅವರಿಗೇ ಏನೋ ಅನ್ನಿಸಿರಬೇಕು. ಹಸಿರು ದಾರದ ಕಟ್ಟನ್ನು ಕೈಗೆತ್ತಿಕೊಂಡು, “ನಿಮ್ಮದು ಬಹಳ ಅಚ್ಚುಕಟ್ಟಾಗಿದೆ ಮೇಡಂ” ಎಂದರು.

ಅಚ್ಚುಕಟ್ಟಾಗಿದೆ ಎಂದು ನಾನು ದಿನಾ ಬೆಳಿಗ್ಗೆ ಹುಡುಗಿಯರ ಹಾಸಿಗೆ ನೋಡಿ ಹೇಳುತ್ತಿದ್ದೆ. ಆ ಮಾತಿನಲ್ಲಿ ಎಷ್ಟು ಹೊಗಳಿಕೆ ಇರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

೨. ಟವೆಲಿನ ಕೆಳಗೆ

ಪರೀಕ್ಷೆಗೆ ಮೊದಲು ಹೋದದ್ದು ತುರುವೇಕೆರೆಯ ಕಡೆಗೆ, ಒಂದು ಸಂತೆಯ ದಿನ. ಓದು ಬರದವರಿಗೆ ನಾವೇ ವಾಕ್ಯ ಓದಿ ಹೇಳಬೇಕು, ಅವರು ಹೇಳಿದ ಅಂಕಿಗೆ ನಾವೇ ಗುರುತು ಹಾಕಬೇಕು. ಶುರು ಮಾಡುವ ಮುಂಚೆ, “ನೀವು ಹೇಳಿದ್ದು ಗುಟ್ಟಾಗಿರುತ್ತದೆ, ಬೇರೆ ಯಾರಿಗೂ ತಿಳಿಯುವುದಿಲ್ಲ” ಎಂದು ಕಡ್ಡಾಯವಾಗಿ ತಿಳಿಸಬೇಕು. ನಾನು ಕಡ್ಡಾಯವನ್ನು ಕಡ್ಡಾಯವಾಗಿಯೇ ಪಾಲಿಸುವವಳು.

ನನ್ನ ಪಾಲಿಗೆ ಬಂದವರು ಒಬ್ಬ ದನದ ದಲ್ಲಾಳಿ. ಹುಣಸೆಮರದ ಕೆಳಗೆ ಕಲ್ಲಿನ ಮೇಲೆ ಕೂತಿದ್ದರು. ಗುಟ್ಟಿನ ಮಾತನ್ನು ಎರಡು ಸಲ ಹೇಳಿದೆ. ಅವರು ಸುತ್ತಲೂ ನೋಡಿದರು. ಸಂತೆಯ ಜನ ಓಡಾಡುತ್ತಿತ್ತು. ಹೆಗಲ ಮೇಲಿನ ಟವೆಲು ತೆಗೆದು ನನ್ನ ಎಡಗೈ ಮೇಲೆ ಹೊದಿಸಿ, ಅದರೊಳಗೆ ತಮ್ಮ ಕೈ ಹಾಕಿದರು.

ನಾನು ಕೈ ಎಳೆದುಕೊಂಡೆ. “ಇದೇನಿದು?”

“ಗುಟ್ಟು ಅಂದ್ರಲ್ಲಮ್ಮಾ. ಇಷ್ಟು ಜನದ ಮುಂದೆ ಬಾಯಲ್ಲಿ ಹೇಳಕ್ಕಾಯ್ತದಾ? ಒಂದರಿಂದ ಐದು ಅಂತೀರಾ, ಬೆರಳು ಐದೇ ಅವೆ. ನೀವು ಕೇಳ್ತಾ ಹೋಗಿ, ನಾನು ಹಿಡೀತಾ ಹೋಯ್ತೀನಿ.”

ದನದ ವ್ಯಾಪಾರದಲ್ಲಿ ಬೆಲೆ ಕೂಗುವುದಿಲ್ಲ. ಟವೆಲಿನ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ, ಪಕ್ಕದಲ್ಲಿ ನಿಂತವನಿಗೂ ತಿಳಿಯುವುದಿಲ್ಲ. ಇದು ನನಗೆ ಗೊತ್ತಿತ್ತು. ಆದರೆ ನನ್ನ ಕೈ ಅದರೊಳಗೆ ಹೋಗಬಹುದು ಎಂದು ಗೊತ್ತಿರಲಿಲ್ಲ. ಸಿಸ್ಟರುಗಳು ಕೈ ಕುಲುಕುವುದನ್ನು ಕಲಿಸಿದ್ದರು, ಅದೂ ಎರಡು ಸೆಕೆಂಡು. ಇಲ್ಲಿ ಅರವತ್ತು ವಾಕ್ಯ.

ಬೇಡ ಎನ್ನೋಣವೆಂದರೆ ಪಕ್ಕದಲ್ಲಿ ಟೀಚರು ನಿಂತಿದ್ದರು. “ನಿಮಗೆ ಕಷ್ಟ ಆದ್ರೆ ನಾನು ಕೂರ್ತೀನಿ ಬುಡಿ ಮೇಡಂ” ಎಂದರು. ಅಷ್ಟು ಸಾಕಾಯಿತು. ನಾನು ಬೆನ್ನು ನೆಟ್ಟಗೆ ಮಾಡಿ ಕೈ ಚಾಚಿದೆ.

“ಒಂದು. ನಾನು ಇತರರೊಂದಿಗೆ ಪ್ರಾಮಾಣಿಕವಾಗಿ ವರ್ತಿಸುತ್ತೇನೆ” ಎಂದು ಓದಿದೆ. ಅವರು ಮೂರು ಬೆರಳು ಹಿಡಿದರು. ನಾನು ಬರೆದುಕೊಳ್ಳುವಷ್ಟರಲ್ಲಿ ನಾಲ್ಕಾಯಿತು. ತಲೆಯೆತ್ತಿ ನೋಡಿದೆ. ಐದಾಯಿತು.

“ಯಾವುದಾದರೂ ಒಂದು ಹೇಳಿ” ಎಂದೆ.

“ಮೂರಕ್ಕೆ ನಿಮ್ಮ ಮುಖ ಒಪ್ಪಂಗೆ ಕಾಣ್ಲಿಲ್ಲ. ಏರಿಸ್ದೆ. ನಾಲ್ಕಕ್ಕೂ ಒಪ್ಲಿಲ್ಲ. ಐದರ ಮೇಲೆ ನನ್ನತ್ರ ಇಲ್ಲ ಕಣಮ್ಮ, ಬೇಕಾದ್ರೆ ತಗೊಳ್ಳಿ, ಇಲ್ದಿದ್ರೆ ಬುಡಿ.”

ಅಲ್ಲಿಂದ ಮುಂದೆ ನಾನು ಮರದ ಕೊಂಬೆ ನೋಡುತ್ತಾ ಕೇಳಿದೆ. ಇಪ್ಪತ್ತನೆಯ ವಾಕ್ಯದ ಹೊತ್ತಿಗೆ ಸುತ್ತ ಗುಂಪು ಸೇರಿತ್ತು. ಇಷ್ಟು ಹೊತ್ತು ನಡೆಯುವ ವ್ಯಾಪಾರವನ್ನು ಆ ಸಂತೆಯಲ್ಲಿ ಯಾರೂ ನೋಡಿರಲಿಲ್ಲ. ಕೊನೆಗೆ ಒಬ್ಬ ಮುದುಕರು ಟೀಚರನ್ನು ಕೇಳಿದರು: “ಹಸು ಎಲ್ಲಮ್ಮಾ?”

“ಹಸು ಅಲ್ಲ ಕಣಣ್ಣಾ. ಸ್ವಭಾವ ನೋಡ್ತಾವ್ರೆ.”

ಮುದುಕರು ಬಹಳ ಮೆಚ್ಚಿಕೊಂಡು ನನ್ನ ಕಡೆ ತಿರುಗಿ ಹೇಳಿದರು: “ಅದನ್ನೇ ಮೊದ್ಲು ನೋಡ್ಬೇಕು ಕಣಮ್ಮ. ಹಾಲು ಎಷ್ಟಾರ ಕೊಡ್ಲಿ, ಹಾಯೋದಾದ್ರೆ ತಗೋಬ್ಯಾಡಿ.”

೩. ಅಳತೆ

ತಿಪಟೂರಿನಲ್ಲಿ ನಮ್ಮ ಹಾಸ್ಟೆಲಿಗೆ ಪರದೆ, ದಿಂಬಿನ ಚೀಲ ಎಲ್ಲ ಹೊಲಿದುಕೊಡುತ್ತಿದ್ದ ಒಬ್ಬ ಟೈಲರ್ ಭಾಯಿ ಇದ್ದರು. ಓದು ಬರಹ ಬಲ್ಲವರು, ಹೇಳಿದ ದಿನಕ್ಕೆ ಸರಿಯಾಗಿ ಬಟ್ಟೆ ಹೊಲಿದುಕೊಡುವವರು. ಆ ಊರಿನಲ್ಲಿ ನನ್ನ ಶಿಸ್ತಿಗೆ ಹತ್ತಿರ ಬರುವವರು ಯಾರಾದರೂ ಇದ್ದರೆ ಅವರೇ. ಅದಕ್ಕಾಗಿ ಎರಡೂ ಅನುವಾದಗಳನ್ನು ಅವರಿಗೆ ಕೊಟ್ಟು, ಎರಡನ್ನೂ ತುಂಬಿ ಯಾವುದು ಮೇಲು ಎಂದು ಹೇಳಿ ಎಂದೆ. ಯಾವುದು ಯಾರದು ಎಂದು ನಾನು ಹೇಳಲಿಲ್ಲ. ನನ್ನದಕ್ಕೆ ಹಸಿರು ದಾರ ಇತ್ತು, ಅಷ್ಟೆ.

ಮೂರು ದಿನ ಬಿಟ್ಟು ಹೋದೆ. ಹಾಳೆ ನೋಡಿದರೆ ಒಂದು ವಾಕ್ಯಕ್ಕೂ ನೇರ ಉತ್ತರವಿಲ್ಲ. ಅಂಕಿಗೆ ಸೀಮೆಸುಣ್ಣದಲ್ಲಿ ಒಂದು ಗೆರೆ, ಅದರಾಚೆ ಚುಕ್ಕೆ ಚುಕ್ಕೆಯಾಗಿ ಇನ್ನೊಂದು ಗೆರೆ.

“ಇದೇನು ಭಾಯಿ? ಸಿಟ್ಟಿಗೆ ಮೂರು ಹಾಕಿದ್ದೀರಿ, ಮತ್ತೆ ಐದರವರೆಗೆ ಚುಕ್ಕೆ ಇಟ್ಟಿದ್ದೀರಿ.”

“ಮಾರ್ಜಿನ್ ಮೇಡಂ. ಉಪವಾಸದ ತಿಂಗಳಲ್ಲಿ ನನ್ನ ಸಿಟ್ಟು ಒಂದೇ. ಹಬ್ಬದ ಹಿಂದಿನ ದಿನ ಗಿರಾಕಿಗಳು ಬಾಗಿಲಲ್ಲಿ ನಿಂತ್ಕೊಂಡು ‘ಆಯ್ತಾ, ಆಯ್ತಾ’ ಅಂತಾರಲ್ಲ, ಆಗ ಐದು. ಹಂಗಾಗಿ ಮೂರಕ್ಕೆ ಹೊಲಿದು, ಎರಡು ಒಳಗೆ ಬಿಟ್ಟಿದೀನಿ. ಬೇಕಾದಾಗ ಬಿಚ್ಚಿ ಹೊಲ್ಕೊಬೋದು.”

“ಪ್ರಶ್ನಾವಳಿಯಲ್ಲಿ ಮಾರ್ಜಿನ್ ಬಿಡುವ ಹಾಗಿಲ್ಲ.”

“ಮಾರ್ಜಿನ್ ಇಲ್ದೆ ನಾನು ಯಾರಿಗೂ ಹೊಲಿದಿಲ್ಲ ಮೇಡಂ. ಮನುಷ್ಯ ಇವತ್ತು ಇದ್ದಂಗೆ ನಾಳೆ ಇರ್ತಾನಾ?”

ವಾದದಿಂದ ಪ್ರಯೋಜನವಿರಲಿಲ್ಲ. ಬಂದ ಕೆಲಸ ಕೇಳಿದೆ: “ಹೋಗಲಿ, ಎರಡರಲ್ಲಿ ಯಾವುದು ಮೇಲು?”

ಅವರು ಸೂಜಿಯನ್ನು ಕಾಲರಿಗೆ ಚುಚ್ಚಿಕೊಂಡು, ಎರಡೂ ಹಾಳೆಗಳನ್ನು ಬಟ್ಟೆ ಹಿಡಿಯುವಂತೆ ಬೆಳಕಿಗೆ ಹಿಡಿದು ನೋಡಿದರು. ಹಸಿರು ದಾರದ್ದನ್ನು ಬೆರಳಲ್ಲಿ ಸವರಿದರು. “ಇದರ ಫಿನಿಶಿಂಗ್ ಒಳ್ಳೆದು. ಬಟನ್ ಎಲ್ಲ ಸರಿಯಾಗಿ ಕೂತಿದೆ. ಆದರೆ ಟೈಟ್ ಆಯ್ತು ಮೇಡಂ. ಆ ಇನ್ನೊಂದು ಇದೆಯಲ್ಲ, ಅದರಲ್ಲಿ ಉಸಿರಾಡಕ್ಕಾಗ್ತದೆ.”

ಆ ವರ್ಷ ಹಾಸ್ಟೆಲಿನ ಪರದೆಗಳನ್ನು ನಾನು ಬೇರೆ ಕಡೆ ಹೊಲಿಸಿದೆ. ಎರಡು ಗೇಣು ಗಿಡ್ಡವಾಗಿ ಬಂದವು, ಒಳಗೆ ಮಾರ್ಜಿನ್ನೂ ಇರಲಿಲ್ಲ.

೪. ಹದಿನೈದು ದಿನ ಬಿಟ್ಟು

ಪ್ರಶ್ನಾವಳಿ ನಂಬಿಕೆಗೆ ಅರ್ಹವೋ ಅಲ್ಲವೋ ಎಂದು ತಿಳಿಯಲು ಒಂದು ಕ್ರಮವಿದೆ. ಇವತ್ತು ಕೇಳಿದವರನ್ನೇ ಹದಿನೈದು ದಿನ ಬಿಟ್ಟು ಮತ್ತೆ ಅದೇ ಪ್ರಶ್ನೆ ಕೇಳಬೇಕು. ಸ್ವಭಾವ ಹದಿನೈದು ದಿನದಲ್ಲಿ ಬದಲಾಗುವುದಿಲ್ಲ, ಹಾಗಾಗಿ ಎರಡೂ ಸಲದ ಉತ್ತರ ಒಂದೇ ಇರಬೇಕು. ಟೀಚರಿಗೆ ಅವರದೇ ಊರು. ನನಗೆ ಚಿಕ್ಕನಾಯಕನಹಳ್ಳಿ ಕಡೆ ತೆಂಗಿನ ತೋಟದವರ ಒಂದು ಬೀದಿ.

ಅಲ್ಲಿ ಒಂದು ಮನೆಯ ಸೊಸೆ ನನಗೆ ತುಂಬ ಹಿಡಿಸಿದ್ದಳು. ಮೊದಲ ಸಲ ಹೋದಾಗ ಅಡುಗೆಮನೆ ಬಾಗಿಲಲ್ಲಿ ಕೂತು, ಕಾಯಿ ತುರಿಯುತ್ತಾ ಸ್ಪಷ್ಟವಾಗಿ ಉತ್ತರ ಕೊಟ್ಟಿದ್ದಳು. ‘ಮನೆಯ ಸದಸ್ಯರ ಮೇಲೆ ನನಗೆ ಕೋಪ ಬರುತ್ತದೆ’ ಎಂದು ಓದಿದ್ದಕ್ಕೆ, ತುರಿಯುವುದನ್ನು ನಿಲ್ಲಿಸದೆ “ಐದು” ಎಂದಿದ್ದಳು. ‘ನನ್ನ ಮನಸ್ಸು ಶಾಂತವಾಗಿರುತ್ತದೆ’ ಎಂದಿದ್ದಕ್ಕೆ “ಒಂದು”. ಇಂಥವರು ಹತ್ತು ಮಂದಿ ಸಿಕ್ಕರೆ ನನ್ನ ಅನುವಾದ ಗೆದ್ದಂತೆಯೇ ಎಂದುಕೊಂಡಿದ್ದೆ.

ಹದಿನೈದು ದಿನಕ್ಕೆ ಸರಿಯಾಗಿ ಹೋದೆ. ಕೋಪದ ವಾಕ್ಯ ಓದಿದೆ. “ಒಂದು” ಎಂದಳು. ಶಾಂತಿಯ ವಾಕ್ಯ ಓದಿದೆ. “ಐದು” ಎಂದಳು.

“ಹೋದ ಸಲ ತಿರುಗುಮುರುಗಾಗಿ ಹೇಳಿದ್ದಿರಲ್ಲಮ್ಮ” ಎಂದೆ.

ಅವಳು ಒಳಗಿನ ಕೋಣೆಯ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದಳು: “ಹೋದ ಸಾರಿ ನಾನು ಐದು ಅಂದಿದ್ದು ನಮ್ಮತ್ತೆಗೆ ಕೇಳಿಸ್ಬುಡ್ತು ಕಣಮ್ಮ. ಅವತ್ತಿಂದ ನನ್ನತ್ರ ಮಾತೇ ಬಿಟ್ಟವ್ರೆ. ಏನು ನೆಮ್ಮದಿ ಅಂತೀರಾ. ಕೋಪ ಯಾಕ್ ಬತ್ತದೆ?”

ನಾನು ಗುರುತು ಹಾಕಿಕೊಂಡು ಎದ್ದೆ. ಹೊರಗೆ ಬರುವಾಗ ಹಿಂದಿನಿಂದ ಕೇಳಿದಳು: “ಪಕ್ಕದ ಮನೇಲಿ ನಮ್ಮ ಓರಗಿತ್ತಿ ಅವ್ಳೆ. ಅವ್ಳನ್ನೂ ಒಂದ್ಸಾರಿ ಕೇಳ್ಬುಡಿ. ಸ್ವಲ್ಪ ಗಟ್ಟಿಯಾಗಿ ಓದಿ.”

ಪ್ರಾಧ್ಯಾಪಕರಿಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ. ನನ್ನ ವಿಷಯದಲ್ಲಿ ಅವರಿಗೆ ನಗು ಬರುತ್ತಿರಲಿಲ್ಲ. “ಉತ್ತರ ಬದಲಾಗಿದೆ, ಇದು ನಿಮ್ಮ ಲೆಕ್ಕಕ್ಕೆ ತೊಂದರೆ” ಎಂದು ಬರೆದುಕೊಂಡರು. ಟೀಚರ ಹಾಳೆಗಳನ್ನು ಮುಂದಿಟ್ಟರು. ಇಪ್ಪತ್ತು ಹೆಂಗಸರು, ಅರವತ್ತು ವಾಕ್ಯ, ಎರಡು ಸಲ. ಒಂದು ಅಂಕಿ ಕೂಡ ಅಲುಗಿರಲಿಲ್ಲ. “ಎಂಥ ಸ್ಥಿರತೆ” ಎಂದು ಅವರು ಹಾಳೆ ಸವರಿದರು.

ಇಷ್ಟು ಸ್ಥಿರವಾಗಿರುವ ಹೆಂಗಸರನ್ನು ನೋಡಲೇಬೇಕು ಎಂದು ಮರುದಿನವೇ ದಬ್ಬೇಘಟ್ಟದ ಬಸ್ಸು ಹತ್ತಿದೆ. ಬಾವಿಕಟ್ಟೆಯ ಬಳಿ ಇಬ್ಬರು ಸಿಕ್ಕರು. ನೀವು ಎರಡು ಸಲವೂ ಒಂದೇ ಉತ್ತರ ಹೇಗೆ ಕೊಟ್ಟಿರಿ ಎಂದು ಕೇಳಿದೆ.

“ನಾವೆಲ್ಲ ಟೀಚರ ಕೈಲಿ ಓದಿದೋರೇ ಕಣಮ್ಮ. ಅವ್ರು ಇವತ್ತು ಒಂದು ಕೇಳಿದ್ರು ಅಂದ್ರೆ ಮತ್ತೆ ಕೇಳೇ ಕೇಳ್ತಾರೆ, ನಮಗೆ ಗೊತ್ತಿಲ್ವಾ? ಅವ್ರು ಅತ್ಲಾಗ್ ಹೋಗ್ತಿದ್ದಂಗೇ ಎಲ್ಲಾ ಸೇರ್ಕೊಂಡು ಬಾಯಿಪಾಠ ಮಾಡ್ಬುಟ್ವಿ.” ಕೊಡ ಕೆಳಗಿಟ್ಟು, ಕೈಕಟ್ಟಿ ನಿಂತು, ಮೊದಲನೆಯ ಪ್ರಶ್ನೆಯಿಂದ ಶುರು ಮಾಡಿದಳು. “ಮೂರು, ಎರಡು, ನಾಲ್ಕು, ನಾಲ್ಕು, ಒಂದು...” ಇನ್ನೊಬ್ಬಳು ನಡುವೆ ತಡೆದಳು: “ಅಲ್ಲ ಕಣೇ, ಅದು ನನ್ನ ಸ್ವಭಾವ. ನಿಂದು ಎರಡರಿಂದ ಶುರು.”

೫. ಹದಿನೇಳು

ಬಾಯಿಪಾಠದ ಸುದ್ದಿಯನ್ನು ನಾನೇ ಪ್ರಾಧ್ಯಾಪಕರಿಗೆ ಮುಟ್ಟಿಸಿದೆ. ಹೀಗೆ ನನ್ನ ಹೆಂಗಸರೂ ಲೆಕ್ಕದಿಂದ ಹೋದರು, ಟೀಚರ ಹೆಂಗಸರೂ ಹೋದರು. ಉಳಿದದ್ದು ಒಂದೇ ಪರೀಕ್ಷೆ. ಒಬ್ಬರು ತಮ್ಮ ಬಗ್ಗೆ ತಾವು ಉತ್ತರ ತುಂಬುವುದು, ಅವರನ್ನು ಚೆನ್ನಾಗಿ ಬಲ್ಲ ಇಬ್ಬರು ಅದೇ ವಾಕ್ಯಗಳಿಗೆ ಅವರ ಬಗ್ಗೆ ಉತ್ತರ ತುಂಬುವುದು. ಮೂವರ ಉತ್ತರವೂ ಹೊಂದಿದರೆ ಅನುವಾದ ಸರಿ. ಹಾಳೆಯ ಮೇಲೆ ಹೆಸರಿಲ್ಲ, ನಂಬರು ಮಾತ್ರ. ಹೊಸ ಜನರನ್ನು ಹಿಡಿಯಲು ಸಮಯವಿರಲಿಲ್ಲವಾದ್ದರಿಂದ ಹಾಸ್ಟೆಲು, ಶಾಲೆಯ ಸಿಬ್ಬಂದಿಯ ಜೊತೆ ನಾವಿಬ್ಬರೂ ನಮ್ಮ ನಮ್ಮ ಅನುವಾದವನ್ನೇ ತುಂಬಬೇಕೆಂದು ಪ್ರಾಧ್ಯಾಪಕರು ಹೇಳಿದರು.

ನನ್ನ ನಂಬರು ಹದಿನೇಳು. ಮೇಜಿನ ಮುಂದೆ ಕೂತು ನೇರವಾಗಿ ತುಂಬುತ್ತಾ ಬಂದೆ. ಮೂವತ್ತೊಂದನೆಯ ವಾಕ್ಯ: ‘ಇತರರ ಏಳಿಗೆಯನ್ನು ಕಂಡು ನಾನು ಅಸೂಯೆಪಡುತ್ತೇನೆ.’ ಒಂದು ಹಾಕಿದೆ. ಯೋಚನೆ ಕೂಡ ಮಾಡಲಿಲ್ಲ. ಮೂರು ತಿಂಗಳಿಂದ ನನಗೆ ಎದೆಯೊಳಗೆ ಆಗುತ್ತಿದ್ದುದನ್ನು ನಾನು ಗುಣಮಟ್ಟದ ಬಗೆಗಿನ ಕಾಳಜಿ ಎಂದೇ ತಿಳಿದಿದ್ದೆ.

ನನ್ನನ್ನು ಬಲ್ಲ ಇಬ್ಬರೆಂದು ಯಜಮಾನರಿಗೂ ಅಡುಗೆಯವಳಿಗೂ ಹಾಳೆ ಕೊಟ್ಟೆ. ಅಂಟಿಸಿದ ಲಕೋಟೆಯಲ್ಲಿ ವಾಪಸ್ಸು ಕೊಟ್ಟರು. ಬೆಳಕಿಗೆ ಹಿಡಿದು ನೋಡುವಂಥ ಬುದ್ಧಿಯನ್ನು ಕಾನ್ವೆಂಟು ನನಗೆ ಕಲಿಸಲಿಲ್ಲ. ಅವತ್ತು ಕಲಿಸಿದ್ದರೆ ಚೆನ್ನಾಗಿತ್ತು.

ತೀರ್ಮಾನದ ದಿನ ಮತ್ತೆ ಅದೇ ಮುಂಗೋಣೆ. ಪ್ರಾಧ್ಯಾಪಕರು, ನಾನು, ಟೀಚರು. ಟೀಚರು ಅವತ್ತು ಹೊಸ ಸೀರೆ ಉಟ್ಟು, ಜಡೆ ತುಂಬ ಕಾಕಡ ಹೂ ಮುಡಿದು ಬಂದಿದ್ದರು. ಗೆದ್ದವರ ಹಾಗೆ ಸಿಂಗರಿಸಿಕೊಂಡು ಬರುವುದು ನನಗೆ ಸರಿಕಾಣಲಿಲ್ಲ. ನಾನೂ ಹೊಸ ಸೀರೆಯನ್ನೇ ಉಟ್ಟಿದ್ದೆ, ಆದರೆ ತಿಳಿಬಣ್ಣದ್ದು.

“ಎರಡೂ ಹೆಚ್ಚುಕಡಿಮೆ ಸರಿಸಮ ಬಂದಿವೆ” ಎಂದರು ಪ್ರಾಧ್ಯಾಪಕರು. “ಟೀಚರದ್ದರಲ್ಲಿ ಒಂದು ಕಡೆ ಮಾತ್ರ ಒಂದು ಅಂಕಿಯ ವ್ಯತ್ಯಾಸ. ಮೇಡಂ ಅವರದ್ದರಲ್ಲಿ ಅದೂ ಇಲ್ಲ, ಎಲ್ಲ ಹೊಂದುತ್ತವೆ...”

ನಾನು ಟೀಚರ ಕಡೆ ನೋಡಲಿಲ್ಲ. ನೋಡದೆಯೂ ಕಾಣುತ್ತಿತ್ತು.

“...ಒಂದು ವಾಕ್ಯ ಬಿಟ್ಟು. ಮೂವತ್ತೊಂದು. ಹದಿನೇಳನೆಯ ನಂಬರಿನವರು ತಮಗೆ ಅಸೂಯೆ ಎಂದೂ ಇಲ್ಲ ಎಂದು ಒಂದು ಹಾಕಿದ್ದಾರೆ. ಅವರನ್ನು ಬಲ್ಲ ಇಬ್ಬರೂ ಐದು ಹಾಕಿದ್ದಾರೆ. ಒಬ್ಬರಂತೂ ಐದಕ್ಕೆ ಎರಡು ಸುತ್ತು ಹಾಕಿದ್ದಾರೆ.”

ಎರಡು ಸುತ್ತು ಯಾರದೆಂದು ನನಗೆ ತಕ್ಷಣ ತಿಳಿಯಿತು. ಯಜಮಾನರು ಯಾವ ಕೆಲಸವನ್ನೂ ಎರಡು ಸಲ ಮಾಡುವವರಲ್ಲ. ಅಡುಗೆಯವಳೇ.

“ಅನುವಾದದ ದೋಷ” ಎಂದರು ಪ್ರಾಧ್ಯಾಪಕರು. “‘ಅಸೂಯೆ’ ಎನ್ನುವುದು ಪುಸ್ತಕದ ಮಾತಾಯಿತು. ಟೀಚರು ‘ಬೇರೆಯವರು ಚೆನ್ನಾಗಿದ್ದರೆ ನನ್ನ ಹೊಟ್ಟೆ ಉರಿಯುತ್ತೆ’ ಎಂದು ಬರೆದಿದ್ದಾರೆ, ಅಲ್ಲಿ ಯಾರಿಗೂ ಗೊಂದಲವಾಗಿಲ್ಲ. ಪಾಪ, ಈ ಹದಿನೇಳನೆಯವರು ಹೆಚ್ಚು ಓದಿದವರಲ್ಲ ಅಂತ ಕಾಣುತ್ತದೆ. ವಾಕ್ಯವೇ ಅರ್ಥವಾಗಿಲ್ಲ.”

“ಹಂಗೇ ಇರ್ಬೇಕು ಸಾರ್” ಎಂದರು ಟೀಚರು. “ಓದು ಕಮ್ಮಿ ಇರೋರಿಗೆ ಇಂಥ ಮಾತು ಕಷ್ಟ, ಪಾಪ.”

ನಾನು ಸುಮ್ಮನಿದ್ದರೆ ಅನುವಾದ ಹೋಗುತ್ತದೆ. ಬಾಯಿಬಿಟ್ಟರೆ ಮಾನ ಹೋಗುತ್ತದೆ. ಮಾನ ಹೋದರೂ ಸಹಿಸಬಹುದಿತ್ತೇನೋ. ಆದರೆ ಓದು ಕಡಿಮೆ ಎನ್ನುವ ಮಾತನ್ನು, ಅದೂ ಡಿಕ್ಷನರಿ ಇಟ್ಟುಕೊಂಡು ಓದುವವರ ಬಾಯಿಂದ, ನಾನು ಸಹಿಸುವುದು ಸಾಧ್ಯವಿರಲಿಲ್ಲ. ಎದ್ದು ನಿಂತೆ.

“ಸಾರ್, ಅನುವಾದದಲ್ಲಿ ದೋಷವಿಲ್ಲ. ಹದಿನೇಳನೆಯವರಿಗೆ ವಾಕ್ಯ ಚೆನ್ನಾಗಿ ಅರ್ಥವಾಗಿದೆ. ಅರ್ಥವಾಗಿಯೂ ಸುಳ್ಳು ಬರೆದಿದ್ದಾರೆ.”

“ಅದು ನಿಮಗೆ ಹೇಗೆ ಗೊತ್ತು ಮೇಡಂ?”

“ಹದಿನೇಳು ನಾನೇ.”

ಪ್ರಾಧ್ಯಾಪಕರು ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು. ನಿಧಾನವಾಗಿ, “ಯಾರ ಏಳಿಗೆ ಮೇಡಂ?” ಎಂದು ಕೇಳಿದರು. ಅದು ಪ್ರಶ್ನಾವಳಿಯಲ್ಲಿ ಇಲ್ಲದ ಪ್ರಶ್ನೆ, ಉತ್ತರಿಸಬೇಕಾಗಿಲ್ಲ ಎಂದೆ. ಟೀಚರು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

“ತುಂಬಿದವರೇ ತಿದ್ದುವುದಾದರೆ ನನ್ನ ಆಕ್ಷೇಪಣೆ ಇಲ್ಲ” ಎಂದು ಪ್ರಾಧ್ಯಾಪಕರು ಪೆನ್ನು ತೆಗೆದರು. “ಎಷ್ಟು ಅಂತ ಬರೆಯಲಿ?”

ಒಪ್ಪಿಕೊಳ್ಳುವುದರಲ್ಲೂ ಒಂದು ಅಳತೆ ಇರಬೇಕು. ನಾನು ಯೋಚಿಸಿ, “ನಾಲ್ಕು” ಎಂದೆ.

“ಐದು ಹಾಕಿ ಸಾರ್” ಎಂದರು ಟೀಚರು. ಸೆರಗು ಬಾಯಿಂದ ಇಳಿದಿತ್ತು. “ಮೂರು ತಿಂಗಳಿಂದ ನೋಡ್ತಾ ಇದೀನಿ. ಆ ಸಂತೇಲಿ ದಲ್ಲಾಳಿ ಟವೆಲು ಹೊದಿಸ್ದಾಗ ಕೂತಿದ್ದು ಯಾಕೆ? ನನ್ನ ಮೇಲಿನ ಹಟಕ್ಕೆ. ನಮ್ಮೂರಿಗೆ ಬಸ್ಸು ಹತ್ಕೊಂಡು ಬಂದು ಬಾವಿಕಟ್ಟೆಲಿ ವಿಚಾರಣೆ ಮಾಡಿದ್ರಲ್ಲ, ನಾಲ್ಕು ಇರೋರು ಅಷ್ಟು ದೂರ ಬತ್ತಾರಾ? ಐದೇ ಸಾರ್. ಒಂದು ಚೂರೂ ಕಮ್ಮಿ ಇಲ್ಲ.”

ಆಗ ನನಗೆ ಲೆಕ್ಕ ಹೊಳೆಯಿತು. ನಾಲ್ಕಾದರೆ ಐದಕ್ಕೂ ನಾಲ್ಕಕ್ಕೂ ಒಂದು ಅಂಕಿಯ ವ್ಯತ್ಯಾಸ. ನನ್ನದೂ ಟೀಚರದ್ದೂ ಸಮ. ಐದಾದರೆ ಐದು, ಐದು, ಐದು. ನನ್ನ ಅನುವಾದದಲ್ಲಿ ಒಂದು ಕೂದಲೆಳೆಯ ದೋಷವೂ ಉಳಿಯುವುದಿಲ್ಲ.

“ಟೀಚರು ಹೇಳುತ್ತಿರುವುದು ಅಕ್ಷರಶಃ ಸತ್ಯ ಸಾರ್” ಎಂದು ನಾನು ಕೂತುಕೊಂಡು ಸೆರಗು ಸರಿಮಾಡಿಕೊಂಡೆ. “ಐದೇ ಬರೆಯಿರಿ.”

ಅವರು ಬರೆದರು. ಕೂಡಿಸಿದರು. ಇನ್ನೊಮ್ಮೆ ಕೂಡಿಸಿದರು. “ಹಾಗಾದರೆ ಮೇಡಂ ಅವರದೇ ಅಚ್ಚಿಗೆ ಹೋಗಬೇಕಾಗುತ್ತದೆ. ಒಂದು ಅಂಕಿಯಲ್ಲಿ.”

ಟೀಚರು ಮೊದಲು ಪ್ರಾಧ್ಯಾಪಕರನ್ನು ನೋಡಿದರು, ಆಮೇಲೆ ಹಾಳೆಯನ್ನು, ಆಮೇಲೆ ನನ್ನನ್ನು. ಎಷ್ಟು ಕಷ್ಟಪಟ್ಟು ತಾವೇ ಆ ಒಂದು ಅಂಕಿಯನ್ನು ನನಗೆ ಕೊಡಿಸಿದರು ಎಂಬುದು ಅವರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ನನ್ನ ಕೈ ಹಿಡಿದುಕೊಂಡು, “ನಂಗೆ ಭಾಳ ಸಂತೋಷ ಆಯ್ತು ಕಣ್ರೀ ಮೇಡಂ” ಎಂದರು.

ಮೇಲೆ ಟವೆಲೊಂದು ಇರಲಿಲ್ಲ, ಅಷ್ಟೆ. ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ, ನನ್ನ ಐದು ಬೆರಳೂ ನೋಯುತ್ತಿದ್ದವು.